ಆನ್‌ಲೈನ್ ಕಾಣಿಕೆಗೆ 80ಜಿ ರಸೀದಿ: ಚರ್ಚ್ ಖಜಾಂಚಿ ಏನು ಮಾಡಬಹುದು, ಏನು ಮಾಡಬಾರದು

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಒಂದು ಚರ್ಚಿನ ಖಜಾಂಚಿ. ಕೋವಿಡ್ ಸಮಯದಲ್ಲಿ ಕ್ಯೂಆರ್ ಕೋಡ್ ಹಾಕಿದೆವು. ಈಗ ಕಾಣಿಕೆ, ದಶಮಾಂಶದ (ಆದಾಯದಲ್ಲಿ ಚರ್ಚಿಗೆ ಕೊಡುವ ಹತ್ತನೇ ಒಂದು ಪಾಲು) ಅರ್ಧಕ್ಕಿಂತ ಜಾಸ್ತಿ ಆನ್‌ಲೈನಲ್ಲೇ ಬರುತ್ತದೆ. ಬೆಂಗಳೂರು, ದುಬೈ, ಕೆನಡಾದಲ್ಲಿರುವ ನಮ್ಮ ಚರ್ಚ್ ಸಭೆಯ ಮಕ್ಕಳೂ ಕಳಿಸುತ್ತಾರೆ. ಏಪ್ರಿಲ್ ಬಂದರೆ ಫೋನ್ ಶುರು: "ಅಂಕಲ್, ಐಟಿ ಫೈಲ್ ಮಾಡಬೇಕು, 80ಜಿ ರಸೀದಿ ಕಳಿಸಿ." ನಮ್ಮ ಚರ್ಚಿಗೆ ಆದಾಯ ತೆರಿಗೆ ಕಾಯ್ದೆಯ 12ಎ ನೋಂದಣಿ ಇದೆ. 80ಜಿ, ಅಂದರೆ ದಾನಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಕೊಡಿಸುವ ನೋಂದಣಿ, ಇರುವುದು ನಮ್ಮವರೇ ನಡೆಸುವ ಸೇವಾ ಟ್ರಸ್ಟಿಗೆ. ಅದು ಒಂದು ದವಾಖಾನೆ ಮತ್ತು ಉಚಿತ ಟ್ಯೂಷನ್ ನಡೆಸುತ್ತದೆ. ಚರ್ಚ್ ಖಾತೆಗೆ ಬಂದ ಹಣದಲ್ಲಿ ಒಂದು ಭಾಗವನ್ನು ಮಾರ್ಚ್‌ನಲ್ಲಿ ಟ್ರಸ್ಟಿಗೆ ಕಳಿಸುತ್ತೇವೆ. ಆ ಲೆಕ್ಕದಲ್ಲಿ 2025-26ರ ದಾನಿಗಳಿಗೆ ಟ್ರಸ್ಟಿನ ರಸೀದಿ ಕೊಡಬಹುದೇ? ತೆರಿಗೆ ಸಮಯದಲ್ಲಿ ಇವರಿಗೆ ಸರಿಯಾಗಿ ನೆರವಾಗುವುದು ಹೇಗೆ?

ಉತ್ತರ: ಖಜಾಂಚಿಯವರೇ, ನೇರವಾಗಿ ಹೇಳುತ್ತೇನೆ. ಆ ರಸೀದಿ ಕೊಡಬೇಡಿ.

ದಾನಿ ಹಣ ಕೊಟ್ಟದ್ದು ಚರ್ಚಿಗೆ. ಅವರ ಫೋನಿನಲ್ಲಿ ಬಂದ ಹೆಸರು ಚರ್ಚಿನದು, ಹಣ ಜಮೆಯಾದ ಖಾತೆ ಚರ್ಚಿನದು. ಆಮೇಲೆ ಚರ್ಚ್ ಅದರಲ್ಲಿ ಸ್ವಲ್ಪ ತೆಗೆದು ಟ್ರಸ್ಟಿಗೆ ಕೊಟ್ಟರೆ, ಟ್ರಸ್ಟಿನ ಲೆಕ್ಕದಲ್ಲಿ ದಾನಿ ಯಾರು? ಚರ್ಚ್. ನಿಮ್ಮ ಸಭೆಯ ಟೀಚರ್, ನರ್ಸ್, ಬ್ಯಾಂಕ್ ಗುಮಾಸ್ತರು ಅಲ್ಲ. "ಅವರು ದವಾಖಾನೆಗೇ ಅಂತ ಬರೆದು ಹಾಕಿದ್ದರು, ನಾವು ಅಷ್ಟನ್ನೂ ದಾಟಿಸಿದ್ದೇವೆ" ಎಂದು ಕೆಲವರು ವಾದ ಮಾಡಬಹುದು. ವಾದಕ್ಕೆ ಜಾಗ ಇದೆ. ಆದರೆ ಆ ವಾದವನ್ನು ತೆರಿಗೆ ಅಧಿಕಾರಿಯ ಮುಂದೆ ಕೂತು ಮಾಡಬೇಕಾದವರು ದಾನಿಗಳು. ನಂಬಿಕೆಯಿಂದ ಕೊಟ್ಟ ಮನುಷ್ಯನನ್ನು ಅಲ್ಲಿಗೆ ಕಳಿಸುವುದು ನ್ಯಾಯವಲ್ಲ.

ಇದು ಬರೀ ಹೆದರಿಕೆಯ ಮಾತಲ್ಲ. 2025ರ ಡಿಸೆಂಬರ್‌ನಲ್ಲಿ ಆದಾಯ ತೆರಿಗೆ ಇಲಾಖೆಯು ದೇಣಿಗೆಯ ಹೆಸರಿನಲ್ಲಿ ಅನುಮಾನ ಬರುವಂತೆ ವಿನಾಯಿತಿ ಕೇಳಿದ್ದವರಿಗೆ ಎಸ್‌ಎಂಎಸ್, ಇ-ಮೇಲ್ ಕಳಿಸಿ, ರಿಟರ್ನ್ ತಿದ್ದಿಕೊಳ್ಳಲು ಹೇಳಿತು. ಬೇಕೆಂದೇ ತಪ್ಪು ಮಾಹಿತಿ ಕೊಟ್ಟರು ಎಂದು ತೀರ್ಮಾನವಾದರೆ ದಂಡ ತೆರಿಗೆಯ 200 ಶೇಕಡದವರೆಗೂ ಹೋಗುತ್ತದೆ. ಚರ್ಚ್ ಕೊಟ್ಟ ಕಾಗದ ನಂಬಿ ಒಬ್ಬ ನರ್ಸ್ ಆ ಸಂದೇಶ ಓದುವ ಸ್ಥಿತಿ ಬರಬಾರದು.

ಈಗ ಮೂಲ ವಿಷಯಕ್ಕೆ ಬರೋಣ. ಚರ್ಚಿನ ಕಾಣಿಕೆಗೆ 80ಜಿ ಯಾಕೆ ಇಲ್ಲ ಎಂಬುದು ಬಹಳ ಜನ ಖಜಾಂಚಿಗಳಿಗೇ ಗೊತ್ತಿಲ್ಲ. 12ಎ ಮತ್ತು 80ಜಿ ಬೇರೆ ಬೇರೆ. 12ಎ ನೋಂದಣಿ (ಈಗ ಅದು 12ಎಬಿ) ಚರ್ಚಿನ ಸ್ವಂತ ಆದಾಯಕ್ಕೆ ತೆರಿಗೆ ಬೀಳದ ಹಾಗೆ ನೋಡಿಕೊಳ್ಳುತ್ತದೆ. ದಾನಿಗೆ ಅದರಿಂದ ಒಂದು ರೂಪಾಯಿಯೂ ಉಳಿಯುವುದಿಲ್ಲ. ದಾನಿಗೆ ಉಳಿಸುವುದು 80ಜಿ ಮಾತ್ರ. ಆ 80ಜಿಯಲ್ಲಿ ಧರ್ಮಕಾರ್ಯದ ಉದ್ದೇಶಕ್ಕೆ ಜಾಗ ಇಲ್ಲ. ಪೂರ್ತಿಯಾಗಿ ಅಥವಾ ಹೆಚ್ಚುಕಡಿಮೆ ಪೂರ್ತಿಯಾಗಿ ಧಾರ್ಮಿಕವಾದ ಕೆಲಸ ಆ ವಿಭಾಗದ ಲೆಕ್ಕದಲ್ಲಿ 'ದಾನಧರ್ಮದ ಉದ್ದೇಶ' ಆಗುವುದಿಲ್ಲ. 80ಜಿ ಇರುವ ಸಂಸ್ಥೆ ತನ್ನ ಆದಾಯದ 5 ಶೇಕಡದವರೆಗೆ ಧಾರ್ಮಿಕ ಖರ್ಚು ಮಾಡಬಹುದು, ಅದಕ್ಕಿಂತ ಮೇಲೆ ಹೋಗುವ ಹಾಗಿಲ್ಲ. ಇದು ಚರ್ಚಿಗೆ ಮಾತ್ರ ಮಾಡಿದ ನಿಯಮವಲ್ಲ. ದೇವಸ್ಥಾನದ ಹುಂಡಿಗೂ ಮಸೀದಿಯ ಚಂದಾಕ್ಕೂ ಇದೇ ನಿಯಮ.

ಒಂದು ಬಾಗಿಲು ಮಾತ್ರ ತೆರೆದಿದೆ. ಐತಿಹಾಸಿಕ ಅಥವಾ ಕಲಾ ಮಹತ್ವದ್ದೆಂದೋ, ಇಡೀ ರಾಜ್ಯಕ್ಕೆ ಹೆಸರಾದ ಆರಾಧನಾ ಸ್ಥಳವೆಂದೋ ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಪ್ರಕಟಿಸಿದ ದೇವಸ್ಥಾನ, ಮಸೀದಿ, ಗುರುದ್ವಾರ, ಚರ್ಚುಗಳ ದುರಸ್ತಿ, ಜೀರ್ಣೋದ್ಧಾರಕ್ಕೆ ಕೊಟ್ಟ ಹಣಕ್ಕೆ 80ಜಿ ಸಿಗುತ್ತದೆ. ನಿಮ್ಮ ಕಟ್ಟಡ ನೂರು ವರ್ಷ ಹಳೆಯದಾದರೂ ಆ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಪ್ರಯೋಜನ ಇಲ್ಲ. 'ಬಿಲ್ಡಿಂಗ್ ಫಂಡ್' ಅಂತ ಹಾಕಿದ್ದೂ ಕಾಣಿಕೆಯ ಹಾಗೇ.

ಹಾಗಾದರೆ ದಶಮಾಂಶ, ಭಾನುವಾರದ ಕಾಣಿಕೆ, ಹುಟ್ಟುಹಬ್ಬದ ಕೃತಜ್ಞತಾ ಕಾಣಿಕೆ, ಚರ್ಚ್ ಕಟ್ಟಡದ ಹಣ, ಇವಕ್ಕೆ 80ಜಿ ಇಲ್ಲ. ಟ್ರಸ್ಟಿನ ಖಾತೆಗೆ ನೇರವಾಗಿ ಬಂದ ದವಾಖಾನೆ, ಟ್ಯೂಷನ್ ಹಣಕ್ಕೆ ಇದೆ. ಬೆಳೆಹಬ್ಬದ ಹರಾಜಿನ ಬಗ್ಗೆಯೂ ಒಂದು ಮಾತು. ಕುಂಬಳಕಾಯಿಯನ್ನು ಐದು ಸಾವಿರಕ್ಕೆ ಕೂಗಿ ಕೊಂಡವರು ಜೀಪೇ ಮಾಡಿ, "ಇದಕ್ಕೂ ರಸೀದಿ ಸೇರಿಸಿ" ಅನ್ನುತ್ತಾರೆ. ಪ್ರೀತಿಯಿಂದ ಕೊಟ್ಟದ್ದೇ, ಸಂದೇಹ ಇಲ್ಲ. ಆದರೆ ಕಾನೂನಿನ ಕಣ್ಣಿಗೆ ಅದು ಖರೀದಿ. ಟ್ರಸ್ಟಿಗೆ ಅಕ್ಕಿ ಮೂಟೆ, ಹಳೆ ಕಂಪ್ಯೂಟರ್, ಔಷಧಿ ಕೊಟ್ಟರೂ 80ಜಿ ಇಲ್ಲ. ಹಣವೇ ಆಗಬೇಕು. ನಗದಾದರೆ 2,000 ರೂಪಾಯಿ ದಾಟಬಾರದು.

ನನ್ನ ದೃಷ್ಟಿಯಲ್ಲಿ ಚರ್ಚ್ ತನ್ನ ದಾನಿಗೆ ಮಾಡಬಹುದಾದ ದೊಡ್ಡ ಸಹಾಯ ಇದು: ಯಾವ ಹಣಕ್ಕೆ ವಿನಾಯಿತಿ ಇದೆ, ಯಾವುದಕ್ಕೆ ಇಲ್ಲ ಎಂದು ಅವರು ಹಣ ಕಳಿಸುವ ಮುಂಚೆಯೇ ಹೇಳುವುದು. ಮಾರ್ಚ್ ಮುಗಿದ ಮೇಲೆ ಹೇಳಿದರೆ ಬೇಜಾರು. ಮೊದಲೇ ಹೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ದಶಮಾಂಶ ಕೊಡುವವರು ತೆರಿಗೆ ಉಳಿಯಲಿ ಅಂತ ಕೊಡುವವರಲ್ಲ ಅಲ್ವಾ?

ಅಯ್ಯನವರಿಂದ (ಸಭಾಪಾಲಕರಿಂದ) ಆರಾಧನೆಯ ಪ್ರಕಟಣೆಯಲ್ಲಿ ಒಮ್ಮೆ ಹೇಳಿಸಿ. ವಾಟ್ಸಾಪ್ ಗ್ರೂಪಿಗೂ ಹಾಕಿ. ಮಾತು ಹೀಗಿದ್ದರೆ ಸಾಕು:

"ಪ್ರಿಯರೇ, ಚರ್ಚಿನ ಕ್ಯೂಆರ್‌ಗೆ ಕಳಿಸುವ ಕಾಣಿಕೆ, ದಶಮಾಂಶ, ಕಟ್ಟಡದ ಹಣಕ್ಕೆ ಆದಾಯ ತೆರಿಗೆಯ 80ಜಿ ವಿನಾಯಿತಿ ಇರುವುದಿಲ್ಲ. ಅದಕ್ಕೆ ಚರ್ಚಿನ ಸಾಮಾನ್ಯ ರಸೀದಿ ಕೊಡುತ್ತೇವೆ. ದವಾಖಾನೆ ಮತ್ತು ಟ್ಯೂಷನ್ ಕೆಲಸಕ್ಕೆ ಕೊಡಲು ಇಷ್ಟವಿದ್ದರೆ ಸೇವಾ ಟ್ರಸ್ಟಿನ ಕ್ಯೂಆರ್ ಬೇರೆ ಇದೆ. ಅದಕ್ಕೆ 80ಜಿ ಇದೆ. ಅದಕ್ಕೆ ಕಳಿಸಿದ ದಿನವೇ ಹೆಸರು, ವಿಳಾಸ, ಪ್ಯಾನ್ ನಂಬರನ್ನು ಖಜಾಂಚಿಗೆ ತಿಳಿಸಿ."

ಎರಡು ಕ್ಯೂಆರ್ ಎಂದೆ. ಇದು ಆಗಲೇಬೇಕು. ಟ್ರಸ್ಟಿನ ಹೆಸರಲ್ಲಿ, ಟ್ರಸ್ಟಿನ ಪ್ಯಾನ್‌ನಲ್ಲಿ ತೆರೆದ ಖಾತೆಗೆ ಬೇರೆ ಕ್ಯೂಆರ್ ಮಾಡಿಸಿ. ಎರಡನ್ನೂ ಒಂದೇ ಮೇಜಿನ ಮೇಲೆ ಅಕ್ಕಪಕ್ಕ ಇಡಬೇಡಿ. ಅವಸರದಲ್ಲಿ ಜನ ಯಾವುದೋ ಒಂದಕ್ಕೆ ಸ್ಕ್ಯಾನ್ ಮಾಡಿಬಿಡುತ್ತಾರೆ. ಚರ್ಚಿನದು ಬಾಗಿಲ ಹತ್ತಿರ ಇರಲಿ, ಟ್ರಸ್ಟಿನದು ದವಾಖಾನೆಯಲ್ಲಿ ಮತ್ತು ಟ್ರಸ್ಟಿನ ಕರಪತ್ರದಲ್ಲಿ ಇರಲಿ. ಖಜಾಂಚಿಯ ಸ್ವಂತ ನಂಬರಿಗೆ ಫೋನ್‌ಪೇ ಹಾಕಿಸಿಕೊಳ್ಳುವ ಅಭ್ಯಾಸ ಎಲ್ಲಾದರೂ ಇದ್ದರೆ ಇವತ್ತೇ ನಿಲ್ಲಿಸಿ. ಆ ಹಣ ನಿಮ್ಮ ಸ್ವಂತ ಖಾತೆಗೆ ಬಂದದ್ದಾಗಿ ಕಾಣುತ್ತದೆ, ದಾನಿಗೂ ಏನೂ ಸಿಗುವುದಿಲ್ಲ.

ಈಗ ಟ್ರಸ್ಟಿನ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ನೋಡಿ. ಒಂದು ಯುಪಿಐ ಸಾಲು ಸಾಮಾನ್ಯವಾಗಿ ಹೀಗಿರುತ್ತದೆ: ಯುಪಿಐ, ಜಮೆ, ಹನ್ನೆರಡು ಅಂಕಿಯ ಒಂದು ನಂಬರ್, 'ಸುನಿಲ್ ಕೆ', ಬ್ಯಾಂಕಿನ ನಾಲ್ಕು ಅಕ್ಷರ, ಕೊನೆಗೆ ಅವರು ಬರೆದ ಟಿಪ್ಪಣಿ. ಟಿಪ್ಪಣಿಯಲ್ಲಿ 'ಆಫರಿಂಗ್' ಅಂತಲೋ 'ಮಮ್ಮಿ ಬರ್ತ್‌ಡೇ' ಅಂತಲೋ ಇರುತ್ತದೆ. ಬಹಳ ಸಲ ಏನೂ ಇರುವುದಿಲ್ಲ. ವಿಳಾಸ ಇಲ್ಲ, ಪ್ಯಾನ್ ಇಲ್ಲ, ಪೂರ್ತಿ ಹೆಸರೂ ಇಲ್ಲ. ಸಭೆಯಲ್ಲಿ ಮೂವರು ಸುನಿಲ್ ಇದ್ದರೆ ಇವರು ಯಾರು? ಏಪ್ರಿಲ್‌ನಲ್ಲಿ ಕೂತು ಒಂದು ವರ್ಷದ ಇಂಥ ಸಾಲುಗಳನ್ನು ಬಿಡಿಸುವುದು ಕಷ್ಟದ ಕೆಲಸ. ಹಣ ಬಂದ ವಾರವೇ ಬಿಡಿಸಿದರೆ ಐದು ನಿಮಿಷದ ಕೆಲಸ.

ಅದಕ್ಕೆ ಒಂದು ಸಣ್ಣ ಗೂಗಲ್ ಫಾರ್ಮ್ ಮಾಡಿ. ಪ್ಯಾನ್ ಕಾರ್ಡಿನಲ್ಲಿ ಇರುವ ಹಾಗೇ ಹೆಸರು, ಪ್ಯಾನ್, ವಿಳಾಸ, ಮೊತ್ತ, ದಿನಾಂಕ, ಆ ಹನ್ನೆರಡು ಅಂಕಿಯ ನಂಬರ್, ಯಾವ ಕೆಲಸಕ್ಕೆ, ಯಾವ ದೇಶದ ಪಾಸ್‌ಪೋರ್ಟ್. ಇಷ್ಟು ಸಾಕು. ಪಾಸ್‌ಪೋರ್ಟ್ ಯಾಕೆ ಅಂತ ಮುಂದೆ ಹೇಳುತ್ತೇನೆ. ಪ್ರತಿ ಸೋಮವಾರ ಫಾರ್ಮನ್ನೂ ಸ್ಟೇಟ್‌ಮೆಂಟನ್ನೂ ಎದುರುಬದುರು ಇಟ್ಟು ತಾಳೆ ಹಾಕಿ, ಅವತ್ತೇ ರಸೀದಿ ಕಳಿಸಿ. ಫಾರ್ಮ್ ತುಂಬಲು ಬಾರದ ಹಿರಿಯರಿಗೆ ನೀವೇ ಫೋನ್ ಮಾಡಿ ಕೇಳಿ ಬರೆದುಕೊಳ್ಳಿ. ಕಾಲೇಜಿಗೆ ಹೋಗುವ ಯಾರಾದರೂ ಇಬ್ಬರನ್ನು ಈ ಕೆಲಸಕ್ಕೆ ಕೂರಿಸಿದರೆ ಚೆನ್ನಾಗಿ ಮಾಡುತ್ತಾರೆ.

ಹೆಸರು, ವಿಳಾಸ ಕೇಳುವುದಕ್ಕೆ ಇನ್ನೊಂದು ಕಾರಣ ಇದೆ. ದಾನಧರ್ಮದ ಟ್ರಸ್ಟಿಗೆ ಯಾರು ಕೊಟ್ಟರು ಎಂಬ ದಾಖಲೆ ಇಲ್ಲದೆ ಬಂದ ಹಣವನ್ನು ಅನಾಮಧೇಯ ದೇಣಿಗೆ ಎನ್ನುತ್ತಾರೆ. ಅಂಥ ಹಣ 1 ಲಕ್ಷ ರೂಪಾಯಿ ಅಥವಾ ಒಟ್ಟು ದೇಣಿಗೆಯ 5 ಶೇಕಡ, ಇವೆರಡರಲ್ಲಿ ಯಾವುದು ಜಾಸ್ತಿಯೋ ಅದನ್ನು ದಾಟಿದರೆ, ದಾಟಿದ ಭಾಗಕ್ಕೆ ಟ್ರಸ್ಟ್ 30 ಶೇಕಡ ತೆರಿಗೆ ಕಟ್ಟಬೇಕು. ಪೂರ್ತಿ ಧಾರ್ಮಿಕ ಸಂಸ್ಥೆಗೆ ಈ ತೊಂದರೆ ಇಲ್ಲ. ಹಾಗಾಗಿ ಚರ್ಚಿನ ಕಾಣಿಕೆ ಡಬ್ಬಿಗೆ ಹೆಸರಿಲ್ಲದೆ ಹಾಕಬಹುದು, ಟ್ರಸ್ಟಿನ ಕ್ಯೂಆರ್‌ಗೆ ಹೆಸರು ಬೇಕು.

ಯಾರ ಪ್ಯಾನ್ ಬರೆಯಬೇಕು ಎಂಬ ಗೊಂದಲ ಪ್ರತಿ ವರ್ಷ ಬರುತ್ತದೆ. ಹೆಂಡತಿಯ ಫೋನಿನಿಂದ ಹೋದ ಹಣಕ್ಕೆ ಗಂಡನ ಹೆಸರಲ್ಲಿ ರಸೀದಿ ಕೇಳುತ್ತಾರೆ, ಯಾಕೆಂದರೆ ತೆರಿಗೆ ಕಟ್ಟುವವರು ಗಂಡ. ನಯವಾಗಿ ಇಲ್ಲ ಎನ್ನಿ. ಯಾರ ಖಾತೆಯಿಂದ ಹಣ ಹೋಯಿತೋ ಅವರದೇ ಹೆಸರು, ಅವರದೇ ಪ್ಯಾನ್. ಮುಂದಿನ ಸಲ ಬೇಕಾದವರ ಫೋನಿನಿಂದಲೇ ಕಳಿಸಲಿ. ದಿನಾಂಕದ ವಿಷಯದಲ್ಲೂ ಹೀಗೇ. ಮಾರ್ಚ್ 31ರ ರಾತ್ರಿ ಕಾರ್ಡಿನಲ್ಲಿ ಪೇಮೆಂಟ್ ಗೇಟ್‌ವೇ ಮೂಲಕ ಕೊಟ್ಟದ್ದು ಟ್ರಸ್ಟಿನ ಖಾತೆಗೆ ಏಪ್ರಿಲ್ 2ಕ್ಕೆ ಬರಬಹುದು. ದಾನಿ ಪಾವತಿ ಮಾಡಿದ ದಿನಾಂಕವನ್ನೇ ರಸೀದಿಯಲ್ಲಿ ಹಾಕಿ. ಗೇಟ್‌ವೇ ಕಮಿಷನ್ ಕಳೆದು 1,000 ರೂಪಾಯಿಗೆ 980 ಬಂದಿದ್ದರೂ ರಸೀದಿ 1,000ಕ್ಕೇ. ಆ 20 ರೂಪಾಯಿ ಟ್ರಸ್ಟಿನ ಖರ್ಚು. 'ಪೆಂಡಿಂಗ್' ಅಂತ ನಿಂತು ವಾಪಸ್ ಹೋದ ಯುಪಿಐಗೆ ಮಾತ್ರ ಸ್ಕ್ರೀನ್‌ಶಾಟ್ ನೋಡಿ ರಸೀದಿ ಕೊಡಬೇಡಿ. ಸ್ಟೇಟ್‌ಮೆಂಟಿನಲ್ಲಿ ಹಣ ಕಾಣಬೇಕು.

ಇನ್ನು ಎಲ್ಲಕ್ಕಿಂತ ಮುಖ್ಯ ಕಾಗದ. ಬಹಳ ಟ್ರಸ್ಟುಗಳು ಇನ್ನೂ ಮುದ್ರಿಸಿದ ರಸೀದಿ ಕೊಟ್ಟು ಕೈ ತೊಳೆದುಕೊಳ್ಳುತ್ತವೆ. 2021-22ರಿಂದ ಆ ರಸೀದಿ ಒಂದೇ ಸಾಲದು. ಟ್ರಸ್ಟ್ ವರ್ಷದ ಎಲ್ಲ ದಾನಿಗಳ ಪಟ್ಟಿಯನ್ನು ಫಾರ್ಮ್ 10ಬಿಡಿಯಲ್ಲಿ ಆದಾಯ ತೆರಿಗೆ ಪೋರ್ಟಲ್‌ಗೆ ಹಾಕಬೇಕು. ಆಮೇಲೆ ಪೋರ್ಟಲ್‌ನಿಂದಲೇ ಪ್ರತಿ ದಾನಿಗೂ ಫಾರ್ಮ್ 10ಬಿಇ ಎಂಬ ಪ್ರಮಾಣಪತ್ರ ತೆಗೆದು ಕೊಡಬೇಕು. ಎರಡಕ್ಕೂ ಕೊನೆಯ ದಿನ ಮೇ 31. ದಾನಿಗೆ ವಿನಾಯಿತಿ ಸಿಗುವುದು ಟ್ರಸ್ಟ್ ಸಲ್ಲಿಸಿದ ಈ ಮಾಹಿತಿಯ ಆಧಾರದ ಮೇಲೆ. ದಾನಿ ರಿಟರ್ನ್‌ನಲ್ಲಿ 10,000 ಬರೆದು, ನಿಮ್ಮ 10ಬಿಡಿಯಲ್ಲಿ ಅವರ ಹೆಸರೇ ಇಲ್ಲದಿದ್ದರೆ, ರಸೀದಿ ಎಷ್ಟು ಚೆನ್ನಾಗಿದ್ದರೂ ಅವರು ಸಿಕ್ಕಿಹಾಕಿಕೊಳ್ಳುತ್ತಾರೆ.

10ಬಿಡಿಯ ಒಂದು ಸಾಲಿನಲ್ಲಿ ಏನೇನು ಕೇಳುತ್ತಾರೆ ನೋಡಿ. ದಾನಿಯ ಗುರುತಿನ ಸಂಖ್ಯೆ, ಅದು ಪ್ಯಾನೋ ಆಧಾರೋ ಎಂಬ ಕೋಡ್, ಯಾವ ವಿಭಾಗದ ಕೆಳಗಿನ ದೇಣಿಗೆ, ಟ್ರಸ್ಟಿನ ವಿಶಿಷ್ಟ ನೋಂದಣಿ ಸಂಖ್ಯೆ, ಹೆಸರು, ವಿಳಾಸ, ದೇಣಿಗೆಯ ಬಗೆ, ಕೊಟ್ಟ ರೀತಿ, ಮೊತ್ತ. ಬಗೆ ಎಂದರೆ ಕಾರ್ಪಸ್‌ಗೋ (ಮೂಲನಿಧಿಗೋ), ಗೊತ್ತಾದ ಕೆಲಸಕ್ಕೋ, ಇತರೆಯೋ ಎಂದು. ದಾನಿ ಬರೆದು ಹೇಳದೆ ಯಾವುದನ್ನೂ ಕಾರ್ಪಸ್ ಎಂದು ಹಾಕಬೇಡಿ. ಕೊಟ್ಟ ರೀತಿಯಲ್ಲಿ ಯುಪಿಐ, ಎನ್‌ಇಎಫ್‌ಟಿ, ಚೆಕ್ ಎಲ್ಲ ಒಂದೇ ಗುಂಪಿಗೆ ಬರುತ್ತವೆ. ಒಬ್ಬರೇ ತಿಂಗಳಿಗೊಮ್ಮೆ ಹನ್ನೆರಡು ಸಲ ಕೊಟ್ಟಿದ್ದರೆ, ಬಗೆ ಮತ್ತು ರೀತಿ ಒಂದೇ ಆಗಿದ್ದರೆ, ಕೂಡಿಸಿ ಒಂದೇ ಸಾಲು. ಗುರುತಿನ ಸಂಖ್ಯೆ ಇಲ್ಲದಿದ್ದರೆ ಸಾಲು ತುಂಬಲು ಆಗುವುದೇ ಇಲ್ಲ. ಆಧಾರ್, ವೋಟರ್ ಐಡಿ, ಡ್ರೈವಿಂಗ್ ಲೈಸೆನ್ಸ್, ರೇಷನ್ ಕಾರ್ಡ್ ಕೂಡ ಒಪ್ಪುತ್ತಾರೆ. ಆದರೆ ತೆರಿಗೆ ವಿನಾಯಿತಿ ಕೇಳುವವರ ಹತ್ತಿರ ಪ್ಯಾನನ್ನೇ ಪಡೆಯಿರಿ. ಅವರ ರಿಟರ್ನ್ ಇರುವುದು ಆ ನಂಬರಿನಲ್ಲಿ.

ಮೇ 31 ತಪ್ಪಿದರೆ ದಿನಕ್ಕೆ 200 ರೂಪಾಯಿ ಲೇಟ್ ಫೀ. ಅದರ ಮೇಲೆ 10,000ದಿಂದ 1 ಲಕ್ಷದವರೆಗೆ ದಂಡ ಹಾಕುವ ಅಧಿಕಾರವೂ ಇಲಾಖೆಗಿದೆ. ಆದ್ದರಿಂದ ಏಪ್ರಿಲ್ ಮೂರನೇ ವಾರದೊಳಗೆ ಪ್ರತಿ ದಾನಿಗೂ ಒಂದು ಸಂದೇಶ ಹೋಗಲಿ: "ನಮ್ಮ ಲೆಕ್ಕದಲ್ಲಿ ನೀವು ಈ ವರ್ಷ ಇಷ್ಟು ಕೊಟ್ಟಿದ್ದೀರಿ, ನಿಮ್ಮ ಪ್ಯಾನ್‌ನ ಕೊನೆಯ ನಾಲ್ಕು ಅಕ್ಷರ ಇವು. ತಪ್ಪಿದ್ದರೆ ಮೇ 5ರೊಳಗೆ ತಿಳಿಸಿ." ಇದೊಂದು ಸಂದೇಶದಿಂದ ಅರ್ಧ ತಲೆನೋವು ಹೋಗುತ್ತದೆ. ಮೇ ಮಧ್ಯಕ್ಕೆ ಫೈಲ್ ಮಾಡಿಬಿಡಿ. ಕೊನೆಯ ಎರಡು ದಿನ ಪೋರ್ಟಲ್ ಹೇಗಿರುತ್ತದೆ ಅಂತ ನಿಮ್ಮ ಆಡಿಟರನ್ನು ಕೇಳಿ. ಫೈಲ್ ಆದ ಒಂದು ದಿನದ ಮೇಲೆ 10ಬಿಇ ಡೌನ್‌ಲೋಡ್‌ಗೆ ಸಿಗುತ್ತದೆ. ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಕಳಿಸಿ. ಆಮೇಲೆ ತಪ್ಪು ಕಂಡರೆ ಹೆದರಬೇಡಿ, ತಿದ್ದಿದ 10ಬಿಡಿ ಸಲ್ಲಿಸಲು ಅವಕಾಶ ಇದೆ. ದಾನಿಗೆ ಹೊಸ 10ಬಿಇ ತೆಗೆದು ಕೊಡಿ.

ಬಹಳ ಕಡೆ ಊರಿನ ಚರ್ಚಿಗೆ, ಅದರ ಸೇವಾ ಕೆಲಸಕ್ಕೆ ಸ್ವಂತ ಪ್ಯಾನ್ ಇರುವುದಿಲ್ಲ. ಡಯಾಸಿಸ್‌ನ (ಧರ್ಮಪ್ರಾಂತ್ಯದ) ಸೇವಾ ಸಂಸ್ಥೆಯ ಪ್ಯಾನ್‌ನಲ್ಲಿ ನಡೆಯುತ್ತದೆ. ಅಲ್ಲಿ 10ಬಿಡಿ ಹಾಕುವವರು ಡಯಾಸಿಸ್ ಆಫೀಸಿನವರು. ಊರಿನ ಖಜಾಂಚಿಯ ಪಟ್ಟಿ ಅವರಿಗೆ ಏಪ್ರಿಲ್‌ನಲ್ಲೇ ತಲುಪದಿದ್ದರೆ ನಿಮ್ಮ ದಾನಿಗಳು ಪಟ್ಟಿಯಿಂದ ಬಿಟ್ಟುಹೋಗುತ್ತಾರೆ. ನಿಮ್ಮಲ್ಲಿ ಟ್ರಸ್ಟ್ ಬೇರೆಯೇ ಇರುವುದರಿಂದ ಈ ತೊಂದರೆ ಇಲ್ಲ. ಇದನ್ನು ಓದುವ ಬೇರೆ ಖಜಾಂಚಿಗಳಿಗಾಗಿ ಬರೆದೆ.

ದಾನಿಯ ಕಡೆಯಿಂದ ನೋಡೋಣ. "80ಜಿ ಇದೆ ಅಂದ್ರಲ್ಲಾ, ನನಗೆ ಏನೂ ಉಳೀಲೇ ಇಲ್ಲ" ಎಂದು ಜೂನ್‌ನಲ್ಲಿ ಫೋನ್ ಬರುತ್ತದೆ. ಕಾರಣ ಹೆಚ್ಚಾಗಿ ಒಂದೇ: ಅವರು ಹೊಸ ತೆರಿಗೆ ಪದ್ಧತಿಯಲ್ಲಿದ್ದಾರೆ. ಹೊಸ ಪದ್ಧತಿಯಲ್ಲಿ 80ಜಿ ಇಲ್ಲ. 2023-24ರಿಂದ ಅದೇ ಡೀಫಾಲ್ಟ್. ಅದರಲ್ಲಿ 2025-26ಕ್ಕೆ 12 ಲಕ್ಷದವರೆಗಿನ ಆದಾಯಕ್ಕೆ ರಿಬೇಟ್ (ತೆರಿಗೆ ಮನ್ನಾ) ಇರುವುದರಿಂದ, ಸಂಬಳದವರಿಗಾದರೆ ಸ್ಟ್ಯಾಂಡರ್ಡ್ ಡಿಡಕ್ಷನ್ (ಎಲ್ಲ ಸಂಬಳದವರಿಗೂ ಸಿಗುವ ನಿಗದಿತ ಕಡಿತ) ಸೇರಿ 12.75 ಲಕ್ಷದವರೆಗೆ, ತೆರಿಗೆಯೇ ಬೀಳುವುದಿಲ್ಲ. ನಿಮ್ಮ ಊರಿನ ದಾನಿಗಳಲ್ಲಿ ಹೆಚ್ಚಿನವರು ಈ ಗೆರೆಯ ಕೆಳಗೇ ಇರಬಹುದು. ಅವರಿಗೆ 80ಜಿ ಕಾಗದದ ಅಗತ್ಯವೇ ಇಲ್ಲ. ಸುಮ್ನೆ ಓಡಾಡಿಸಬೇಡಿ, ಮೊದಲೇ ಹೇಳಿ.

ಮನೆ ಸಾಲದ ಬಡ್ಡಿ, ಬಾಡಿಗೆ, ಪಿಎಫ್ ಎಲ್ಲ ಜಾಸ್ತಿ ಇದ್ದು ಹಳೆ ಪದ್ಧತಿಯೇ ಲಾಭ ಎನ್ನುವವರಿಗೆ ಮಾತ್ರ ಇದು ಉಪಯೋಗ. ಅವರಿಗೂ ಕೊಟ್ಟದ್ದರ ಅರ್ಧಕ್ಕೆ ವಿನಾಯಿತಿ. 20 ಶೇಕಡದ ಹಂತದಲ್ಲಿ ಇರುವವರು ಟ್ರಸ್ಟಿಗೆ 10,000 ಕೊಟ್ಟರೆ, 5,000 ಆದಾಯದಿಂದ ಕಳೆಯುತ್ತದೆ, ಸೆಸ್ ಸೇರಿ 1,040 ರೂಪಾಯಿ ಉಳಿಯುತ್ತದೆ. 30 ಶೇಕಡದವರಿಗೆ 1,560. ಮೇಲ್ಮಿತಿಯೂ ಇದೆ. ಬೇರೆ ಕಡಿತಗಳೆಲ್ಲ ಹೋಗಿ ಉಳಿದ ಆದಾಯ 8 ಲಕ್ಷ ಆದರೆ, ಅದರ 10 ಶೇಕಡ, ಅಂದರೆ 80,000ದವರೆಗಿನ ದೇಣಿಗೆ ಮಾತ್ರ ಲೆಕ್ಕಕ್ಕೆ ಬರುತ್ತದೆ, ಅದರ ಅರ್ಧ 40,000. ಇದಕ್ಕಿಂತ ದೊಡ್ಡ ಮೊತ್ತ ಕೊಡುವವರು ಕೊಡುವ ಮುಂಚೆ ತಮ್ಮ ಆಡಿಟರನ್ನು ಕೇಳಲಿ.

ಜನವರಿಯಲ್ಲಿ "ಆಫೀಸಿಗೆ ಪ್ರೂಫ್ ಕೊಡಬೇಕು, ಬೇಗ ಸರ್ಟಿಫಿಕೇಟ್ ಕೊಡಿ" ಎಂದು ಕೇಳುವವರಿಗೆ ಸಮಾಧಾನ ಹೇಳಿ. ಪ್ರಧಾನ ಮಂತ್ರಿ ಪರಿಹಾರ ನಿಧಿಯಂಥ ಕೆಲವನ್ನು ಬಿಟ್ಟರೆ 80ಜಿಯನ್ನು ಕಂಪನಿಯವರು ಟಿಡಿಎಸ್ (ಸಂಬಳದಲ್ಲೇ ಹಿಡಿಯುವ ತೆರಿಗೆ) ಲೆಕ್ಕದಲ್ಲಿ ಹಿಡಿಯುವುದಿಲ್ಲ. ದಾನಿ ತಮ್ಮ ರಿಟರ್ನ್‌ನಲ್ಲೇ ಕೇಳಬೇಕು. ರಿಟರ್ನ್‌ನ 80ಜಿ ಪಟ್ಟಿಯಲ್ಲಿ ಟ್ರಸ್ಟಿನ ಹೆಸರು, ವಿಳಾಸ, ಪ್ಯಾನ್, 10ಬಿಇ ಮೇಲಿರುವ ಎಆರ್‌ಎನ್ ನಂಬರ್ (ಸ್ವೀಕೃತಿ ಸಂಖ್ಯೆ), ಮೊತ್ತ, ಇಷ್ಟನ್ನು ತುಂಬಬೇಕು. ನಗದು ಬೇರೆ ಕಾಲಂ, ಉಳಿದದ್ದು ಬೇರೆ ಕಾಲಂ. ಮಿತಿಯ ಒಳಗೆ 50 ಶೇಕಡ ಎಂಬ 'ಡಿ' ಕೋಷ್ಟಕವೇ ನಿಮ್ಮ ದಾನಿಗಳದು. ಗೊತ್ತಿಲ್ಲದೆ 100 ಶೇಕಡದ ಕೋಷ್ಟಕಕ್ಕೆ ಹಾಕಿಬಿಟ್ಟರೆ ಅನುಮಾನ ಬರುತ್ತದೆ. 10ಬಿಇ ಕಳಿಸುವಾಗ ಈ ನಾಲ್ಕು ಸಾಲನ್ನು ಕನ್ನಡದಲ್ಲಿ ಬರೆದು ಜೊತೆಗೆ ಕಳಿಸಿ. ಬಹಳ ಉಪಕಾರವಾಗುತ್ತದೆ. ಹಳೆ ಪದ್ಧತಿ ಬೇಕೆಂದವರು ಗಡುವಿನ ಒಳಗೇ ರಿಟರ್ನ್ ಹಾಕಬೇಕು ಎಂಬುದನ್ನೂ ಸೇರಿಸಿ. ತಡವಾದರೆ ಹೊಸ ಪದ್ಧತಿಯೇ ಗತಿ.

ದುಬೈ ಮತ್ತು ಕೆನಡಾದ ಮಕ್ಕಳ ವಿಷಯ. ಇಲ್ಲಿ ತೆರಿಗೆಗಿಂತ ದೊಡ್ಡ ಕಾನೂನು ಇದೆ, ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ, ಎಫ್‌ಸಿಆರ್‌ಎ. ಭಾರತದ ಪಾಸ್‌ಪೋರ್ಟ್ ಇರುವವರು ದುಬೈಯಲ್ಲಿದ್ದರೂ ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ವಂತಿಗೆ ಅಲ್ಲ. ಕೆನಡಾ ಪೌರತ್ವ ತೆಗೆದುಕೊಂಡವರು ಕೊಟ್ಟರೆ ವಿದೇಶಿ ವಂತಿಗೆ. ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ ಅಷ್ಟೇ. ಊರಿನವರೇ, ನಮ್ಮ ಕಣ್ಣೆದುರೇ ಬೆಳೆದವರೇ, ನಿಜ. ಆದರೆ ಕಾನೂನು ನೋಡುವುದು ಪಾಸ್‌ಪೋರ್ಟನ್ನು.

ಇಲ್ಲಿ ಯಾರಿಗೂ ಕಾಣದ ಒಂದು ಗುಂಡಿ ಇದೆ. ಕೆನಡಾ, ಅಮೆರಿಕ, ಯುಎಇ ಮುಂತಾದ ದೇಶಗಳ ಫೋನ್ ನಂಬರಿಗೆ ಈಗ ಎನ್‌ಆರ್‌ಇ, ಎನ್‌ಆರ್‌ಓ ಖಾತೆ (ಹೊರದೇಶದಲ್ಲಿ ಇರುವವರು ಭಾರತದ ಬ್ಯಾಂಕಿನಲ್ಲಿ ಇಡುವ ಖಾತೆ) ಜೋಡಿಸಿ ಯುಪಿಐ ಮಾಡಬಹುದು. ಕೆನಡಾ ಪ್ರಜೆಯಾದ ನಿಮ್ಮ ಸಭೆಯ ಹುಡುಗಿ ಅಲ್ಲಿಂದಲೇ ನಿಮ್ಮ ಕ್ಯೂಆರ್ ಸ್ಕ್ಯಾನ್ ಮಾಡಿದರೆ ಹಣ ರೂಪಾಯಿಯಲ್ಲೇ, ಭಾರತದ ಬ್ಯಾಂಕಿನಿಂದಲೇ ಬರುತ್ತದೆ. ಸ್ಟೇಟ್‌ಮೆಂಟಿನಲ್ಲಿ ಹಾಸನದವರ ಸಾಲಿನ ಹಾಗೇ ಕಾಣುತ್ತದೆ. ಆದರೂ ಅದು ವಿದೇಶಿ ವಂತಿಗೆಯೇ. ಎಫ್‌ಸಿಆರ್‌ಎ ನೋಂದಣಿ ಇಲ್ಲದೆ ತೆಗೆದುಕೊಳ್ಳುವ ಹಾಗಿಲ್ಲ. ನೋಂದಣಿ ಇದ್ದವರೂ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲಿ ತೆರೆದ ಎಫ್‌ಸಿಆರ್‌ಎ ಖಾತೆಗೇ ಮೊದಲು ಪಡೆಯಬೇಕು. ಈ ಮಾತು ಚರ್ಚಿನ ಕ್ಯೂಆರ್‌ಗೂ ಅನ್ವಯಿಸುತ್ತದೆ, ಟ್ರಸ್ಟಿನದಕ್ಕೂ. ಅದಕ್ಕೇ ಫಾರ್ಮ್‌ನಲ್ಲಿ ಪಾಸ್‌ಪೋರ್ಟ್ ಕೇಳಿ ಎಂದದ್ದು. ಕ್ಯೂಆರ್ ಕೆಳಗೆ ದೊಡ್ಡದಾಗಿ ಬರೆಸಿ: "ಭಾರತದ ಪ್ರಜೆಗಳು ಮಾತ್ರ ಈ ಖಾತೆಗೆ ಕಳಿಸಿ." ಎಫ್‌ಸಿಆರ್‌ಎ ಇರುವ ಬೇರೆ ಸಂಸ್ಥೆಗೆ ಹಾಕಿಸಿ ಅಲ್ಲಿಂದ ನಿಮ್ಮ ಖಾತೆಗೆ ತರಿಸುವ ಉಪಾಯವೂ ಬೇಡ. 2020ರ ತಿದ್ದುಪಡಿ ಆದ ಮೇಲೆ ಅಂಥ ವರ್ಗಾವಣೆಗೆ ನಿಷೇಧ ಇದೆ.

ತೆರಿಗೆಯ ಮಟ್ಟಿಗೆ, ಎನ್‌ಆರ್‌ಐಗೆ ಭಾರತದಲ್ಲಿ ಬಾಡಿಗೆ, ಬಡ್ಡಿಯಂಥ ತೆರಿಗೆ ಬೀಳುವ ಆದಾಯ ಇದ್ದು, ಹಳೆ ಪದ್ಧತಿಯಲ್ಲಿ ರಿಟರ್ನ್ ಹಾಕಿದರೆ 80ಜಿ ಸಿಗುತ್ತದೆ. ಹೊರದೇಶದ ರಿಟರ್ನ್‌ನಲ್ಲಿ ನಿಮ್ಮ 10ಬಿಇ ತೋರಿಸಲು ಹೋಗಬಾರದು. ಅಮೆರಿಕದಲ್ಲಿ ಸಾಮಾನ್ಯವಾಗಿ ಅಲ್ಲಿನ ಸಂಸ್ಥೆಗೆ ಕೊಟ್ಟದ್ದಕ್ಕೆ ಮಾತ್ರ ವಿನಾಯಿತಿ.

ಈಗ ಟ್ರಸ್ಟಿನ ಕಪಾಟು ತೆಗೆದು 80ಜಿ ಆದೇಶದ ಪ್ರತಿ, ಫಾರ್ಮ್ 10ಎಸಿ, ಹುಡುಕಿ. ಅದರಲ್ಲಿ ಯಾವ ವರ್ಷದವರೆಗೆ ಎಂದು ಬರೆದಿರುತ್ತದೆ. 2021ರಲ್ಲಿ ಹೊಸ ವ್ಯವಸ್ಥೆ ಬಂದಾಗ ಮರುನೋಂದಣಿ ಮಾಡಿಸಿದ ಬಹಳ ಸಂಸ್ಥೆಗಳ ಐದು ವರ್ಷದ ಮಾನ್ಯತೆ 2026ರ ಮಾರ್ಚ್ 31ಕ್ಕೆ ಮುಗಿಯುವಂಥದು. ನವೀಕರಣದ ಅರ್ಜಿಯನ್ನು ಆರು ತಿಂಗಳು ಮೊದಲೇ, ಅಂದರೆ 2025ರ ಸೆಪ್ಟೆಂಬರ್ 30ರೊಳಗೆ ಹಾಕಬೇಕಿತ್ತು. ಹಾಕಿದ್ದೀರಾ? ಹಾಕಿಲ್ಲದಿದ್ದರೆ ನಾಳೆಯೇ ಆಡಿಟರ್ ಹತ್ತಿರ ಹೋಗಿ. ಹೊಸ ಆದೇಶ ಕೈಗೆ ಬರುವವರೆಗೆ 2026ರ ಏಪ್ರಿಲ್‌ನಿಂದ ಬರುವ ಹಣಕ್ಕೆ "80ಜಿ ಇದೆ" ಎಂದು ಎಲ್ಲೂ ಮುದ್ರಿಸಬೇಡಿ. ಮೇಲೆ ಬರೆದ ವಾಟ್ಸಾಪ್ ಸಂದೇಶ ಕಳಿಸುವುದೂ ಆಮೇಲೆಯೇ. ಇನ್ನೊಂದು, 2026ರ ಏಪ್ರಿಲ್ 1ರಿಂದ ಆದಾಯ ತೆರಿಗೆ ಕಾಯ್ದೆ 2025 ಜಾರಿಗೆ ಬಂದಿದೆ. ಅದರಲ್ಲಿ 80ಜಿಯ ಜಾಗದಲ್ಲಿ ವಿಭಾಗ 133 ಇದೆ. ನೀವು ಕೇಳಿದ 2025-26ರ ದೇಣಿಗೆಗೆ ಹಳೆಯ ಕಾಯ್ದೆಯೇ ಲೆಕ್ಕ. ಹೊಸ ರಸೀದಿ ಪುಸ್ತಕ ಅಚ್ಚು ಹಾಕಿಸುವ ಮುಂಚೆ ಸಂಖ್ಯೆಗಳನ್ನು ಆಡಿಟರ್‌ಗೆ ತೋರಿಸಿ.

ಟ್ಯೂಷನ್ ಬಗ್ಗೆಯೂ ಒಂದು ಎಚ್ಚರಿಕೆ. ಅದು ಎಲ್ಲ ಮಕ್ಕಳಿಗೂ ತೆರೆದಿರಲಿ. ಒಂದೇ ಧರ್ಮ, ಒಂದೇ ಜಾತಿಯವರ ಉಪಯೋಗಕ್ಕೆ ಎಂದಿದ್ದರೆ 80ಜಿಗೆ ಕುತ್ತು. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಮಹಿಳೆಯರು, ಮಕ್ಕಳು ಎಂದು ಗುರಿ ಇಟ್ಟುಕೊಂಡರೆ ತೊಂದರೆ ಇಲ್ಲ.

ಪ್ಯಾನ್ ಪಟ್ಟಿಯ ಎಕ್ಸೆಲ್ ಫೈಲನ್ನು ಕಮಿಟಿಯ ವಾಟ್ಸಾಪ್ ಗ್ರೂಪಿಗೆ ಹಾಕುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ದಯವಿಟ್ಟು ಬೇಡ. ಹೆಸರು, ಪ್ಯಾನ್, ಫೋನ್, ಯಾರು ಎಷ್ಟು ಕೊಟ್ಟರು, ಎಲ್ಲ ಒಂದೇ ಕಡೆ ಇರುವ ಕಾಗದ ಅದು. ಮೋಸಗಾರರ ಕೈಗೆ ಸಿಕ್ಕರೆ ಸಭೆಯ ಹಿರಿಯರೇ ಮೊದಲು ಬಲಿ. ಕೊಟ್ಟ ಮೊತ್ತ ಊರಿಗೆಲ್ಲ ಗೊತ್ತಾದರೆ ಕಡಿಮೆ ಕೊಡಲು ಸಾಧ್ಯವಾದವರ ಮನಸ್ಸೂ ನೋಯುತ್ತದೆ. ಫೈಲಿಗೆ ಪಾಸ್‌ವರ್ಡ್ ಹಾಕಿ. ಖಜಾಂಚಿ ಮತ್ತು ಆಡಿಟರ್ ಇಬ್ಬರ ಹತ್ತಿರ ಮಾತ್ರ ಇರಲಿ.

ಟ್ರಸ್ಟಿನ ಇ-ಫೈಲಿಂಗ್ ಖಾತೆಗೆ ಯಾರ ಮೊಬೈಲ್, ಯಾರ ಇ-ಮೇಲ್ ಜೋಡಿಸಿದೆ ಎಂದೂ ಇವತ್ತೇ ನೋಡಿ. ಹಿಂದಿನ ಖಜಾಂಚಿಯದೋ, ವರ್ಗವಾಗಿ ಹೋದ ಸಭಾಪಾಲಕರದೋ ಇದ್ದರೆ, ಮೇ ತಿಂಗಳಲ್ಲಿ ಓಟಿಪಿ ಅವರ ಫೋನಿಗೆ ಹೋಗುತ್ತದೆ, ಅವರು ಇನ್ನೆಲ್ಲೋ ಇರುತ್ತಾರೆ. ಟ್ರಸ್ಟಿನ ಹೆಸರಲ್ಲೇ ಒಂದು ಸಿಮ್, ಒಂದು ಇ-ಮೇಲ್ ಮಾಡಿಸಿ, ಪೋರ್ಟಲ್‌ನಲ್ಲಿ ಬದಲಾಯಿಸಿ. ಸಹಿ ಮಾಡುವ ಅಧಿಕಾರ ಈಗ ಯಾರಿಗೆ ಎಂಬ ಟ್ರಸ್ಟ್ ಸಭೆಯ ನಿರ್ಣಯದ ಪ್ರತಿಯೂ ಕೈಯಲ್ಲಿರಲಿ. ಈ ಬದಲಾವಣೆಗೆ ಕೆಲವು ದಿನ ಹಿಡಿಯುತ್ತದೆ. 10ಬಿಡಿ ಕೆಲಸಕ್ಕೆ ಕೈ ಹಾಕುವ ಮುಂಚೆಯೇ ಇದನ್ನು ಮುಗಿಸಿಕೊಳ್ಳಿ.